ಅವರು ಅಂದರೆ ಯಾರು?

ನಮ್ಮ ಮನೆಯವರ ಪಾಲಿಗೆ ಪ್ರಪಂಚದ ಸಕಲ ವಸ್ತುಗಳಿಗೂ ಒಂದೇ ಹೆಸರು: ಅದು. ಚಾಕು ಅದು, ಚಪ್ಪಲಿ ಅದು, ಕೆಮ್ಮಿನ ಔಷಧಿಯೂ ಅದು. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿಕೊಂಡು ಬಂದವರು. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂ ಬಿದ್ದರೆ ನೆಲವನ್ನೆಲ್ಲ ಜಾಲಾಡಿ ಹುಡುಕಿ ತೆಗೆಯುತ್ತಾರೆ. ಆದರೆ ಬಾಯೊಳಗಿನಿಂದ ಒಂದು ಹೆಸರು ಹುಡುಕಿ ತೆಗೆಯಲು ಮಾತ್ರ ಇವರ ಕೈಯಲ್ಲಿ ಆಗುವುದಿಲ್ಲ.

“ಲೇ, ಅದನ್ನ ಕೊಡೇ.”

“ಯಾವುದನ್ನ?”

“ಅದೇ ಕಣೇ, ಅದರ ಪಕ್ಕದಲ್ಲಿರೋದು.”

“ಯಾವುದರ ಪಕ್ಕ?”

“ನಿನ್ನೆ ಅಲ್ಲಿ ಇಟ್ಟಿದ್ನಲ್ಲ, ಅದರ ಪಕ್ಕ. ಇಷ್ಟು ವರ್ಷ ಸಂಸಾರ ಮಾಡಿ ಇದೂ ಗೊತ್ತಾಗಲ್ವಾ ನಿಂಗೆ?”

ಗೊತ್ತಾಗುತ್ತದೆ, ನನ್ನ ದುಃಖವೇ ಅದು. ಎದ್ದು ಹೋಗಿ ಎಣ್ಣೆ ಡಬ್ಬಿಯ ಪಕ್ಕದಲ್ಲಿರುವ ಚಿಮಟ ತಂದುಕೊಡುತ್ತೇನೆ. (ನಾನು ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ. ಕಣ್ಣಿನಿಂದ ಓದಿದ್ದು ಕಡಿಮೆ, ಕಿವಿಯಿಂದ ಓದಿದ್ದು ಜಾಸ್ತಿ.)

ಇವರ ಈ ರೋಗ ಸೊಸೆಗೂ ಅಂಟಿದೆ ಎಂದು ತಿಳಿದದ್ದು ಮೊನ್ನೆ ಮೊನ್ನೆ. ಅವಳು ವಾಷಿಂಗ್ ಮೆಷಿನ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮೆಷಿನ್ ಕೆಟ್ಟಿತು ಎಂದು ದೂರು ಬರೆಯುವ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದು ಸಮಾಧಾನ ಮಾಡುವುದು ಅವಳ ಕೆಲಸ. ಅಂದು ಸಂಜೆ ಮುಖ ಊದಿಸಿಕೊಂಡು ಬಂದಳು. ಅವಳ ಮೇಲಿನ ಮೇಡಂ ಪತ್ರವನ್ನು ಮೇಜಿನ ಮೇಲೆ ಎಸೆದು, ಇದರಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ದೇವರಿಗೂ ತಿಳಿಯುವುದಿಲ್ಲ ಎಂದರಂತೆ.

“ಅಂಥದ್ದೇನು ಬರೆದಿದ್ದೆ?” ಎಂದು ಮಗ ಕೇಳಿದ. ಅವಳು ನಮಗಾಗಿ ಕನ್ನಡದಲ್ಲಿ ಹೇಳಿದಳು.

“ಅವನು ಬಂದು ಅದನ್ನು ನೋಡಿದ. ಅದು ಹಳೆಯದು ಎಂದು ಅವಳಿಗೆ ಹೇಳಿದ. ಆಗ ಅದು ಅದರ ಮೇಲೆ ಬಿತ್ತು. ಆದ್ದರಿಂದ ಅದನ್ನು ಬದಲಾಯಿಸಲು ಆಗುವುದಿಲ್ಲ.”

“ಯಾವುದು ಯಾವುದರ ಮೇಲೆ ಬಿತ್ತು?”

“ಮೆಕ್ಯಾನಿಕ್ಕಿನ ಚೀಲ ಮೆಷಿನ್ ಮೇಲೆ ಬಿತ್ತು.”

“ನಾನು ಮೆಷಿನ್ನೇ ಬೆಕ್ಕಿನ ಮೇಲೆ ಬಿತ್ತು ಅಂದ್ಕೊಂಡೆ.”

“ಬೆಕ್ಕು ಎಲ್ಲಿಂದ ಬಂತು?”

“ಬದಲಾಯಿಸೋಕೆ ಆಗಲ್ಲ ಅಂದ್ಯಲ್ಲ. ಮೆಷಿನ್ ಆದ್ರೆ ಬದಲಾಯಿಸ್ಬಹುದು.”

“ನಂಗೇನೋ ಚೆನ್ನಾಗೇ ಅರ್ಥ ಆಯ್ತಮ್ಮ,” ಎಂದರು ಇವರು. (ಇವರು ಎಂದರೆ ನಮ್ಮ ಮನೆಯವರು. ನನ್ನ ಬಾಯಲ್ಲಿ ಇವರು ಎಂದರೆ ಬೇರೆ ಯಾರೂ ಆಗಲು ಸಾಧ್ಯವಿಲ್ಲ.) ಮಾವನಿಗೆ ಅರ್ಥವಾಯಿತು ಎಂದ ಮೇಲೆ ಸೊಸೆಗೆ ಪರಿಸ್ಥಿತಿ ಎಷ್ಟು ಗಂಭೀರ ಎಂಬುದು ಮನದಟ್ಟಾಗಿ ಅಳುವೇ ಬಂತು. ಶನಿವಾರದೊಳಗೆ ತಲೆಬುಡ ತಿಳಿಯುವಂಥ ಒಂದು ಪತ್ರ ಬರೆದು ತೋರಿಸದಿದ್ದರೆ ಅವಳನ್ನು ಗೋಡೌನಿಗೆ ಹಾಕುತ್ತಾರಂತೆ, ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಲು. ಕಿಟಕಿ ಪಕ್ಕದ ಆ ಮೇಜಿಗಾಗಿ ಅವಳು ಎಷ್ಟು ಕಾದಿದ್ದಳು ಎಂದು ನನಗೆ ಗೊತ್ತು. ಅದು ಸಿಕ್ಕಿದ ದಿನ ಮೇಜಿಗೆಂದೇ ಒಂದು ಹೂದಾನಿ ಕೊಂಡು ತಂದು ನನಗೆ ತೋರಿಸಿದ್ದಳು.

“ಅಲ್ಲಮ್ಮ, ಇಂಗ್ಲಿಷಲ್ಲಿ ಇದಕ್ಕೊಂದು ಕಟ್ಟುಪಾಡು ಇಲ್ವಾ?” ಎಂದೆ.

“ಇದೆ ಅತ್ತೆ. ಹೀ, ಶೀ, ಇಟ್, ದೇ ಅನ್ನೋ ಮೊದ್ಲು ಅದು ಯಾರು, ಯಾವುದು ಅಂತ ಹೆಸರು ಬಂದಿರ್ಬೇಕು. ಆಮೇಲೆ ಎಷ್ಟು ಸಲ ಬೇಕಾದ್ರೂ ಅನ್ಬಹುದು. ನಂಗೆ ಗೊತ್ತಿದೆ, ಆದ್ರೆ ಬರೆಯುವಾಗ ಮರೆತುಹೋಗತ್ತೆ.”

“ಇದನ್ನೇ ನಾನು ನಿಮ್ಮ ಮಾವನಿಗೆ ಮದುವೆಯಾದಾಗಿಂದ ಹೇಳ್ತಿದ್ದೀನಿ.”

ಆಗ ನನ್ನ ತಲೆಯಲ್ಲಿ ಆ ದಿವ್ಯವಾದ ಯೋಚನೆ ಹೊಳೆಯಿತು. ನಾಲಿಗೆಗೆ ಅಭ್ಯಾಸವಾದರೆ ಕೈಗೂ ಆಗುತ್ತದೆ. ಆದ್ದರಿಂದ ಶನಿವಾರದವರೆಗೆ ಈ ಮನೆಯಲ್ಲಿ ಯಾರೂ ಹೆಸರು ಹೇಳದೆ ಅವನು, ಅವಳು, ಅದು, ಇದು ಎನ್ನಕೂಡದು. ತಪ್ಪಿದವರನ್ನು ಹಿಡಿಯಲು ಮನೆಯಲ್ಲಿ ಚುರುಕು ಕಿವಿ ಇರುವವರು ಬೇಕಲ್ಲ? ಎಲ್ಲರೂ ನನ್ನನ್ನು ನೋಡಿದರು. ನಾನು ಬೇಡ ಬೇಡ ಎನ್ನುತ್ತಲೇ ನ್ಯಾಯಪೀಠವನ್ನು ಅಲಂಕರಿಸಿದೆ. ಪೀಠವೆಂದರೆ ಅಡುಗೆಮನೆ ಬಾಗಿಲ ಬಳಿಯ ಸ್ಟೂಲು. ರಾಜದಂಡ ಒಂದು ಚಮಚ. ಜಾಗಟೆ ಒಂದು ಸ್ಟೀಲ್ ಲೋಟ.

ಆ ಸ್ಟೂಲಿನಲ್ಲಿ ಕುಳಿತರೆ ಎದುರಿಗೆ ಕಿಟಕಿಯ ಪರದೆ. (ಸೊಸೆ ಆರಿಸಿ ತಂದದ್ದು. ಕಡುಹಳದಿ ಬಟ್ಟೆಯ ಮೇಲೆ ತಲೆಕೆಳಗಾದ ನೀಲಿ ಕೊಡೆಗಳು. ನಾನೇನೂ ಅನ್ನಲಿಲ್ಲ. “ನೋಡಿದವರು ಏನೇನೋ ಅಂತಾರಮ್ಮ, ಚೆನ್ನಾಗಿಲ್ಲ ಅಂತಾರೆ” ಎಂದಷ್ಟೇ ಹೇಳಿ ಸುಮ್ಮನಾದೆ. ಅತ್ತೆಯಾದವಳು ಬಾಯಿಗೆ ಬೀಗ ಹಾಕಿಕೊಂಡಿರಬೇಕು.)

ಮರುದಿನ ಬೆಳಿಗ್ಗೆ ಕಲಾಪ ಆರಂಭವಾಯಿತು.

“ಲೇ, ಅದು ಎಲ್ಲಿ...”

ಠಣ್.

“ಕನ್ನಡಕ ಮಾರಾಯ್ತಿ. ಕನ್ನಡಕ ಎಲ್ಲಿ?”

“ಅದು ನಿಮ್ಮ ಹಣೆ ಮೇಲಿದೆ.”

“ಈಗ ನೀನು ಅದು ಅಂದ್ಯಲ್ಲ?”

“ಹೆಸರು ಬಂದ ಮೇಲೆ ಅನ್ಬಹುದು. ಕಾನೂನು ತಿಳ್ಕೊಂಡು ಮಾತಾಡಿ.”

ಮಗ ಫೋನಿನಲ್ಲಿ ಯಾರಿಗೋ, “ಅವನಿಗೆ ಹೇಳ್ಬೇಡ, ಅವನು ಅವಳಿಗೆ ಹೇಳ್ಬಿಡ್ತಾನೆ” ಎನ್ನುವಷ್ಟರಲ್ಲಿ ಎರಡು ಸಲ ಠಣ್ ಎಂದಿತು. ಅಂದಿನಿಂದ ಅವನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಫೋನ್ ಮಾಡತೊಡಗಿದ. ಇವರಂತೂ ಮಾತನ್ನೇ ಬಿಟ್ಟು ಕೈಸನ್ನೆಗೆ ಇಳಿದರು. ಬೆರಳಿಗೂ ಹೆಸರು ಬೇಕು ಎಂದು ನಾನು ತೀರ್ಪು ಕೊಟ್ಟೆ. ಅಧಿಕಾರದಲ್ಲಿ ಇಷ್ಟು ಸುಖವಿದೆ ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಸೊಸೆ ಪತ್ರವನ್ನು ಇಂಗ್ಲಿಷಿನಲ್ಲೇ ಜೋರಾಗಿ ಓದುತ್ತಿದ್ದಳು. ನನಗೆ ಆ ಭಾಷೆಯಲ್ಲಿ ತಿಳಿದದ್ದು ಅವಳು ಹೇಳಿದ ಆ ನಾಲ್ಕು ಸದ್ದುಗಳು ಮಾತ್ರ. ಅಷ್ಟು ಸಾಕಾಗಿತ್ತು. ಹೀ ಎಂದೊಡನೆ ಠಣ್, “ಯಾರವನು?” ಎಂದು ಕೇಳುತ್ತಿದ್ದೆ. ಅವಳು ಹಿಂದಿನ ಸಾಲು ಹುಡುಕಿ, ನಾಲಿಗೆ ಕಚ್ಚಿಕೊಂಡು, ಮೆಕ್ಯಾನಿಕ್ ಎಂದು ತಿದ್ದುತ್ತಿದ್ದಳು.

ಠಣ್.

“ಇಲ್ಲಿ ಇಟ್ ಇಲ್ಲ ಅತ್ತೆ. ಅದು ಡಿಪಾಸಿಟ್.”

“ಕೊನೇಲಿ ಇಟ್ಟಿದ್ದೀಯಲ್ಲ, ಅದು ಯಾವುದು?”

ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. “ಆ ಮೆಕ್ಯಾನಿಕ್ ವಯಸ್ಸಾದೋರಾ?”

“ಹೂಂ, ಮಾವನಷ್ಟೇ ವಯಸ್ಸು.”

“ಮತ್ತೆ ಅವನು ಅಂತ ಬರೀತೀಯಲ್ಲೇ, ಅವರು ಅನ್ನಬಾರದಾ?”

“ಇಂಗ್ಲಿಷಲ್ಲಿ ಹಾಗಿಲ್ಲ ಅತ್ತೆ. ಹಾಲಿನವನಿಗೂ ಹೀ, ಮಾವನಿಗೂ ಹೀ.”

ಇವರು ಗಡಿಯಾರದಿಂದ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

“ನಾನು ಅನ್ನೋದಕ್ಕೆ?”

“ಐ. ಅದನ್ನ ಮಾತ್ರ ಸಾಲಿನಲ್ಲಿ ಎಲ್ಲೇ ಬಂದ್ರೂ ದೊಡ್ಡಕ್ಷರದಲ್ಲೇ ಬರೀಬೇಕು.”

ಗಂಡನಿಗಿಲ್ಲದ ಮರ್ಯಾದೆ ತನಗೆ! ಈ ಭಾಷೆ ನನಗೆ ಹಿಡಿಸಿಬಿಟ್ಟಿತು.

ಶನಿವಾರ ಸೊಸೆ ಪತ್ರ ತೆಗೆದುಕೊಂಡು ಹೋಗಿ ಮೇಡಂ ಕೈಗೆ ಕೊಟ್ಟಳು. ಅವರು ಏನೂ ಹೇಳದೆ ಅದನ್ನು ಚೀಲಕ್ಕೆ ಹಾಕಿಕೊಂಡರಂತೆ. ಭಾನುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮೇಡಂ. ಹಿಂದೆಯೇ ಸೊಸೆಯ ಕೈಯಲ್ಲಿ ಕಳಿಸಿದ್ದ ಅವರ ಕೈಗಡಿಯಾರ ರಿಪೇರಿಗೆಂದು ಇವರ ಬಳಿ ಇತ್ತು, ಅದನ್ನು ಒಯ್ಯಲು ಬಂದಿದ್ದರು. ಸೊಸೆಯ ಮುಖ ಬಿಳಿಚಿಕೊಂಡಿತು. ಮಗ ಕುರ್ಚಿ ಒರೆಸಿದ. ನಾನು ಎಲ್ಲರಿಗೂ ಟೀ ಕೊಟ್ಟು, ನನ್ನ ಲೋಟವನ್ನು ಹಿಡಿದು ಸಕ್ಕರೆ ಕಲಕುತ್ತಾ ಸ್ಟೂಲಿನ ಮೇಲೆ ಕುಳಿತೆ. ಕಾನೂನಿನ ಅವಧಿ ಶನಿವಾರಕ್ಕೇ ಮುಗಿದಿತ್ತು. ಆದರೆ ಅದನ್ನು ಚಮಚಕ್ಕೆ ಯಾರೂ ಹೇಳಿರಲಿಲ್ಲ.

“ನಿಮ್ಮ ಪತ್ರ ಓದ್ದೆ,” ಎಂದರು ಮೇಡಂ. “ಈ ಸಲ ಪರವಾಗಿಲ್ಲ, ಅರ್ಥ ಆಗತ್ತೆ. ಆದ್ರೆ ಏನ್ ಮಾಡೋದು ಹೇಳಿ, ಅವರು ಒಪ್ಪಬೇಕಲ್ಲ.”

ಠಣ್.

“ಅವರು ಅಂದ್ರೆ ಯಾರು?” ಎಂದೆ.

ಮಗ ತಲೆಯ ಮೇಲೆ ಕೈ ಹೊತ್ತ. ಸೊಸೆ ಕಣ್ಣು ಮುಚ್ಚಿಕೊಂಡಳು.

“ಯಾರು ಅಂದ್ರೆ... ಆಫೀಸಲ್ಲಿ... ಮೇಲಿನೋರು ಇರ್ತಾರಲ್ಲ...”

ಠಣ್.

ಮೇಡಂ ಚಮಚವನ್ನು ನೋಡಿದರು, ನನ್ನನ್ನು ನೋಡಿದರು. “ಈ ವಿಷಯಕ್ಕೆ ಮೇಲಿನೋರು ಅಂದ್ರೆ ನಾನೇ,” ಎಂದರು ಸಣ್ಣ ದನಿಯಲ್ಲಿ.

“ಹಾಗಾದ್ರೆ ಒಪ್ಪಿಬಿಡಿ. ಟೀ ಆರಿಹೋಗತ್ತೆ.”

ಮೇಡಂ ಟೀ ಚೆಲ್ಲುವಷ್ಟು ನಕ್ಕರು. ನಾವು ಹಿಂದಿನ ಕತೆಯನ್ನೆಲ್ಲ ಹೇಳಿದಾಗ ಇನ್ನೊಮ್ಮೆ ನಕ್ಕರು. ಕೊನೆಗೆ ಸೊಸೆಯ ಕಡೆ ತಿರುಗಿ, “ನಾಳೆ ನಿಮ್ಮ ಮೇಜಿಗೇ ಬನ್ನಿ. ಗೋಡೌನ್ ಮಾತು ಬಿಟ್ಬಿಡಿ,” ಎಂದರು. ಸೊಸೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದಕ್ಕೆ ನಾನು ಸ್ಟೂಲಿನ ಮೇಲೆ ಒಂದು ಗೇಣು ಎತ್ತರವಾದೆ. ಅಷ್ಟಕ್ಕೇ ಟೀ ಕುಡಿದು ಎದ್ದಿದ್ದರೆ ನಾನು ಇವತ್ತಿಗೂ ಅದೇ ಎತ್ತರದಲ್ಲಿ ಇರುತ್ತಿದ್ದೆ.

ಮೇಡಂ ಸಂತೋಷದಿಂದ ಸುತ್ತ ಕಣ್ಣಾಡಿಸಿದರು. “ಈ ಪರದೆ ಎಷ್ಟು ಚೆನ್ನಾಗಿದೆ. ಎಲ್ಲಿ ತಂದ್ರಿ?”

“ನಂಗೂ ತುಂಬ ಇಷ್ಟ ಮೇಡಂ,” ಎಂದಳು ಸೊಸೆ. “ಆದ್ರೆ ಚೆನ್ನಾಗಿಲ್ಲ ಅಂತಾರೆ. ಬಿಚ್ಚಿಬಿಡೋಣ ಅಂತಿದ್ದೀನಿ.”

ಠಣ್.

ಆಣೆ ಮಾಡಿ ಹೇಳುತ್ತೇನೆ, ಬಡಿದದ್ದು ನಾನಲ್ಲ, ನನ್ನ ಕೈ. ಬಾಯಿಯೂ ಅದರ ಹಿಂದೆಯೇ ಓಡಿತು. “ಅಂತಾರೆ ಅಂದ್ರೆ? ಯಾರು ಅಂತಾರೆ?”

ಕೋಣೆಯಲ್ಲಿದ್ದ ಗಡಿಯಾರಗಳೆಲ್ಲ ಒಮ್ಮೆಲೇ ಕೇಳಿಸತೊಡಗಿದವು.

“ಅದನ್ನ ನೀವೇ ಹೇಳ್ಬೇಕು ಅತ್ತೆ,” ಎಂದಳು ಸೊಸೆ ನಿಧಾನವಾಗಿ. “ನೋಡಿದವರು ಅಂತಾರೆ ಅಂತ ನಂಗೆ ಹೇಳಿದ್ದು ನೀವು. ನೋಡಿದವರು ಅಂದ್ರೆ ಯಾರು?”

ನಾನು ಮನಸ್ಸಿನಲ್ಲೇ ಸಾಕ್ಷಿಗಳನ್ನು ಕೂಗಿದೆ. ಪಕ್ಕದ ಮನೆಯಾಕೆಯೋ? ಆಕೆ ಅದೇ ಬಟ್ಟೆ ತನಗೂ ಬೇಕೆಂದು ಅಂಗಡಿಯ ದಾರಿ ಕೇಳಿಕೊಂಡು ಹೋಗಿದ್ದಳು. ಇಸ್ತ್ರಿಯವನೋ? ಅವನು ಬಾಗಿಲು ದಾಟಿ ಒಳಗೆ ಬಂದವನಲ್ಲ. ಮಗನಿಗಂತೂ ಮನೆಯಲ್ಲಿ ಪರದೆ ಇದೆಯೆಂದು ತಿಳಿದದ್ದೇ ಈಗ.

“ಅದು... ಅವರು ಕಣಮ್ಮ... ಆವತ್ತು ಬಂದಿದ್ರಲ್ಲ, ಅವರ ಜೊತೆ ಇನ್ನೊಬ್ಬರು...”

ಇವರು ಮೆಲ್ಲಗೆ ಎದ್ದು ಬಂದರು. ಗಡಿಯಾರದೊಳಗಿನಿಂದ ಮುಳ್ಳು ಎತ್ತುವ ಹಾಗೆ, ಎರಡೇ ಬೆರಳಿನಲ್ಲಿ ನನ್ನ ಕೈಯಿಂದ ಚಮಚ ಎತ್ತಿಕೊಂಡು ನನ್ನದೇ ಲೋಟಕ್ಕೆ ತಾಗಿಸಿದರು.

ಠಣ್.

“ಹೆಸರು,” ಎಂದರು.

“ನಾನು,” ಎಂದೆ.

ಇಂಗ್ಲಿಷಿನಲ್ಲಿ ಅದು ಎಲ್ಲೇ ಬಂದರೂ ದೊಡ್ಡಕ್ಷರವಂತೆ. ನನ್ನ ಬಾಯಿಂದ ಬಂದದ್ದು ಇವರ ಸ್ಕ್ರೂಗಿಂತಲೂ ಸಣ್ಣದಾಗಿತ್ತು.

“ಕೇಳಿಸ್ಲಿಲ್ಲ ಕಣೇ. ಯಾರು?”

ಪರದೆ ಈಗಲೂ ಅಲ್ಲೇ ಇದೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ, ನಾನು ಎಲ್ಲರಿಗಿಂತ ಮೊದಲು ಅನ್ನುತ್ತೇನೆ. ಚಮಚ ಇವರ ಚಿಮಟಗಳ ಪೆಟ್ಟಿಗೆ ಸೇರಿದೆ. ಕೆಲಸದ ನಡುವೆ ಇವರು ತಲೆ ಎತ್ತದೆ, “ಲೇ, ಅದನ್ನ ಕೊಡೇ” ಎನ್ನುತ್ತಾರೆ.

ಯಾವುದನ್ನ ಎಂದು ನಾನು ಕೇಳುವುದಿಲ್ಲ. ಎದ್ದು ಹೋಗಿ ತಂದುಕೊಡುತ್ತೇನೆ.