ಮೂವತ್ತನಾಲ್ಕು ಡಿಗ್ರಿಯ ನೀರು

ಬಿಸಿನೀರು ಎಲ್ಲಿದೆಯೋ ಅಲ್ಲಿ ನನಗೊಂದು ಫಜೀತಿ ಕಾದಿರುತ್ತದೆ. ಸ್ವೀಡನ್ನಿಗೆ ಹೋದರೂ ಅದು ನನ್ನ ಬೆನ್ನು ಬಿಡಲಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಸ್ನಾನದ ಅಭ್ಯಾಸಕ್ಕೂ ವಾಸಿಯಾಗದ ಕಾಯಿಲೆಗಳಿಗೂ ಏನು ಸಂಬಂಧ ಅಂತ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಬಿಸಿನೀರಿನ ಬುಗ್ಗೆ ಆ ಚಳಿ ದೇಶದಲ್ಲಿ ಎಲ್ಲಿಂದ ಬರಬೇಕು? ವೆಸ್ಟೆರಾಸ್ ನಗರದಿಂದ ರೈಲಲ್ಲಿ ಇಪ್ಪತ್ತು ನಿಮಿಷದ ಊರಲ್ಲಿ ಕೊಮ್ಯೂನ್‌ನವರು, ಅಂದರೆ ಅಲ್ಲಿನ ಪುರಸಭೆಯವರು, ಮೂವತ್ತನಾಲ್ಕು ಡಿಗ್ರಿಗೆ ಕಾಯಿಸಿಟ್ಟ ಕೊಳ ಒಂದಿತ್ತು. ಸಂಧಿವಾತದವರು, ಸೊಂಟ ಹಿಡಿದವರು ಎಲ್ಲರೂ ಅಲ್ಲಿಗೇ. ಮಧ್ಯಾಹ್ನ ಮೂರಕ್ಕೇ ಕತ್ತಲು. ಗಾಜಿನಾಚೆ ಹಿಮ, ಈಚೆ ಹಬೆ, ಹಬೆಯೊಳಗೆ ಮೆಲ್ಲಗೆ ತೇಲುವ ಬರೀ ತಲೆಗಳು. ನೋಡುತ್ತಾ ನಿಂತರೆ ನನಗೇ ಕಣ್ಣು ಎಳೆಯುತ್ತಿತ್ತು.

ಖರ್ಚು ಉಳಿಸಲು ಆ ನೀರನ್ನು ಇಪ್ಪತ್ತೇಳು ಡಿಗ್ರಿಗೆ ಇಳಿಸುವ ಮಾತು ಕೊಮ್ಯೂನ್‌ನಲ್ಲಿ ನಡೆದಿತ್ತು. ಇಳಿಸಿದರೆ ಕೀಲು ಹಿಡಿದ ಈ ಪಾಪದವರು ಎಲ್ಲಿಗೆ ಹೋಗಬೇಕು? ನನ್ನ ವರದಿ ನೋಡಿಯೇ ತೀರ್ಮಾನ ಅಂದಿದ್ದರು.

ಮೊದಲ ಉತ್ತರ

ಕೋಟು, ಬೂಟು, ಕೈಯಲ್ಲಿ ಫಾರಂ ಹಿಡಿದು ಹೋದೆ. ಕೊಳ ನೋಡಿಕೊಳ್ಳುವ ಹೆಂಗಸು ಬಾಗಿಲಲ್ಲೇ ತಡೆದಳು. "ಬಟ್ಟೆ ಪೂರ್ತಿ ತೆಗೆದು, ಸೋಪು ಹಾಕಿ ತೊಳೆದುಕೊಂಡು, ಈಜುಡುಗೆ ತೊಟ್ಟವರಿಗಷ್ಟೇ ಒಳಗೆ."

"ನಾನು ಸ್ನಾನಕ್ಕೆ ಬಂದಿಲ್ಲ, ಸಂಶೋಧನೆಗೆ."

"ಸಂಶೋಧಕರೂ ತೊಳ್ಕೋಬೇಕು."

ಶವರಿಗೆ ಬಾಗಿಲಿಲ್ಲ, ಪರದೆಯಿಲ್ಲ. ಅಯ್ಯೋ ಶಿವನೇ! ಅಮ್ಮನ ಮುಂದೂ ಹಾಗೆ ನಿಂತವಳಲ್ಲ ನಾನು. ಗೋಡೆಗೆ ಮುಖ ಮಾಡಿ ನಿಂತೆ. ಪಕ್ಕದಲ್ಲಿ ಬೆರಳೆಲ್ಲ ಊದಿಕೊಂಡಿದ್ದ ಅಜ್ಜಿಯೊಬ್ಬರು ನೆಮ್ಮದಿಯಾಗಿ ಬೆನ್ನು ತೊಳೆಯುತ್ತಿದ್ದರು. "ಪ್ರಶ್ನೆ ಕೇಳೋಳು ನೀನೇನಾ? ಇಲ್ಲೇ ಕೇಳಿಬಿಡಮ್ಮ, ಸಮಯ ಉಳಿಯುತ್ತೆ."

ಫಾರಂನ ಮೊದಲ ಸಾಲನ್ನು ಬಾಯಿಪಾಠ ಒಪ್ಪಿಸಿದೆ. "ನಿಮ್ಮ ವಿವರಗಳೆಲ್ಲ ಸಂಪೂರ್ಣ ಗೌಪ್ಯವಾಗಿರುತ್ತವೆ."

ಅಜ್ಜಿ ತಮ್ಮನ್ನೊಮ್ಮೆ ನೋಡಿಕೊಂಡರು, ನನ್ನನ್ನೊಮ್ಮೆ ನೋಡಿದರು. "ಇನ್ನೇನು ಉಳಿದಿದೆಯಮ್ಮ?"

ಎಣ್ಣೆ

ಒಂದು ಭಾನುವಾರ ನನ್ನದೇ ಸೊಂಟ ಹಿಡಿಯಿತು. ಊರಿಂದ ತಂದ ಎಳ್ಳೆಣ್ಣೆ ಬಿಸಿ ಮಾಡಿ ನೆತ್ತಿಯಿಂದ ಹಿಮ್ಮಡಿವರೆಗೆ ತಿಕ್ಕಿಕೊಂಡೆ. ಹೇಗೂ ಬಿಸಿನೀರು ಅಲ್ಲಿದೆಯಲ್ಲ, ಅಭ್ಯಂಜನ ಅಲ್ಲೇ ಮುಗಿಸೋಣ ಅಂತ ಹೊರಟೆ. ಸೀಗೆಪುಡಿಗೆ ಬಗ್ಗುವ ಎಣ್ಣೆ ಅವರ ಸೋಪಿಗೆ ಜಗ್ಗುತ್ತದೆಯೇ? ಕೊಳಕ್ಕಿಳಿದು ನಾಲ್ಕು ಹೆಜ್ಜೆ ಹಾಕಿದೆ. ನನ್ನ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಪದರ ಹರಡಿತು, ದೀಪದ ಬೆಳಕಲ್ಲಿ ಎಷ್ಟು ಚಂದ ಅಂತೀರಿ! ಮೈಮರೆತು ನೋಡುತ್ತಿದ್ದೆ. ಅಷ್ಟರಲ್ಲಿ ಸೀಟಿ. ಎಲ್ಲರನ್ನೂ ಮೇಲೆಬ್ಬಿಸಿ, ಎರಡು ದಿನ ಕೊಳ ಮುಚ್ಚಿದರು.

ಮತ್ತೆ ತೆರೆದಾಗ ತಲೆ ತಗ್ಗಿಸಿಕೊಂಡು ಹೋದೆ. ಮಂಡಿ ನೋವಿನ ತಾತ ಒಬ್ಬರು ತೇಲುತ್ತಾ ಹತ್ತಿರ ಬಂದರು. ಬೈಸಿಕೊಳ್ಳಲು ಸಿದ್ಧಳಾದೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು. "ಅವತ್ತು ಮಂಡಿ ಸ್ವಲ್ಪ ಸಡಿಲ ಆಗಿತ್ತು. ಮತ್ತೆ ಯಾವಾಗ ಹಚ್ಕೊಂಡು ಬರ್ತೀರಿ?"

ಅಧಿಕಾರಿ ಬಂದರು

ಕೊನೆಗೆ ಫಾರಂಗಳನ್ನು ತೆರೆದು ನೋಡಿದೆ. 'ನೋವು ಕಡಿಮೆಯಾಗಿದೆಯೇ?' ಅನ್ನುವುದಕ್ಕೆ ಎಲ್ಲರದೂ ಒಂದೇ ಉತ್ತರ: ಇಲ್ಲ. ಒಬ್ಬರಾದರೂ ಒಂದು ಸಣ್ಣ ಸುಳ್ಳು ಹೇಳಬಾರದಿತ್ತೇ!

ವರದಿಯಲ್ಲಿ ಇದ್ದದ್ದನ್ನೇ ಬರೆದು ಕಳಿಸಿದೆ. ಅದನ್ನೋದಿ ಕೊಮ್ಯೂನ್‌ನ ಅಧಿಕಾರಿ ತಾವೇ ವಿಚಾರಿಸಲು ಬಂದರು. ಅವರನ್ನೂ ಬಟ್ಟೆ ಕಳಚಿಸಿ, ತೊಳೆಸಿ, ಚಡ್ಡಿಯಲ್ಲಿ ನೀರಿಗಿಳಿಸಿದರು. ನಾನೂ ಕುತ್ತಿಗೆವರೆಗೆ ಮುಳುಗಿ ಪಕ್ಕದಲ್ಲೇ ನಿಂತೆ.

"ನೋವು ಹೋಗೋದಿಲ್ಲ ಅಂದಮೇಲೆ ಯಾಕೆ ಬರ್ತೀರಿ?" ಅಂತ ಕೇಳಿದರು.

ಊದಿದ ಬೆರಳಿನ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಮನೇಲಿ ಮಕ್ಕಳು, ಆಸ್ಪತ್ರೇಲಿ ಡಾಕ್ಟರು, ಫಿಕಾಗೆ ಹೋದರೆ ಕಾಫಿ ಜೊತೆ ಗೆಳತಿಯರು, ಎಲ್ಲರೂ ನೋವು ಹೇಗಿದೆ ಅಂತಲೇ ಕೇಳೋದು. ಇಲ್ಲಿ ಎಲ್ಲರಿಗೂ ಇದೆ. ಯಾರೂ ಕೇಳಲ್ಲ. ಒಂದು ಗಂಟೆ ಮರೆತೇ ಹೋಗಿರುತ್ತೆ."

ಬಿಸಿ ಹತ್ತಿತೋ ಏನೋ, ಅಧಿಕಾರಿ ಅಂಗಾತ ತೇಲಿದರು, ಕಣ್ಣು ಮುಚ್ಚಿದರು. ಹಬೆಯಲ್ಲಿ ಅವರ ಹೊಟ್ಟೆ ಮಾತ್ರ ಕಾಣುತ್ತಿತ್ತು. ಕಾಲು ಗಂಟೆ ಯಾರೂ ಮಿಸುಕಲಿಲ್ಲ. ಆಮೇಲೆ ನಿದ್ದೆಗಣ್ಣಲ್ಲೇ ತೀರ್ಪು ಬಂತು.

"ನೀರು ಹೀಗೇ ಬಿಸಿ ಇರಲಿ. ಆ ಪ್ರಶ್ನೆ ಕೇಳೋ ಹುಡುಗಿಯನ್ನ ಮಾತ್ರ ನಾಳೆಯಿಂದ ಒಳಗೆ ಬಿಡಬೇಡಿ."