ಖುದ್ದು ಹಾಜರಾಗತಕ್ಕ ಜಾಲತಾಣ

ಉಪನಗರ ಉಪಾಹಾರಗೃಹ ಪರವಾನಗಿ ಮಂಡಳಿಯ ಜಾಲತಾಣವು ೨೦೧೩ರ ಮಾರ್ಚ್ ನಾಲ್ಕನೇ ತಾರೀಕು, ಸೋಮವಾರ, ಸಂಪೂರ್ಣ ಸುಸ್ಥಿತಿಯಲ್ಲಿತ್ತು. ಅಂದು ಬೆಳಿಗ್ಗೆಯಿಂದ ಅದನ್ನು ತೆರೆಯುವುದು ಯಾರಿಂದಲೂ ಆಗಲಿಲ್ಲ ಎಂಬ ಸಂಗತಿ ಮಂಡಳಿಯ ಕಡತಗಳಲ್ಲಿ ಎಲ್ಲಿಯೂ ದಾಖಲಾಗಿಲ್ಲ.

ಠಾಣೆ ಶಹರದಿಂದ ಕಲ್ಯಾಣದವರೆಗಿನ ಹೋಟೆಲಿನವರೆಲ್ಲ ಮಾರ್ಚ್ ಮೂವತ್ತೊಂದರೊಳಗೆ ಪರವಾನಗಿ ನವೀಕರಿಸಬೇಕು, ಅದೂ ಆನ್‌ಲೈನ್ ಮೂಲಕವೇ, ಕಾಗದದ ಅರ್ಜಿಯನ್ನು ಸಿಬ್ಬಂದಿ ಮುಟ್ಟತಕ್ಕದ್ದಲ್ಲ ಎಂದು ಮಂಡಳಿ ಆ ವರ್ಷ ನಿಯಮ ಮಾಡಿತ್ತು. ತಪ್ಪಿದವರ ಶಟರಿಗೆ ಏಪ್ರಿಲ್ ಒಂದರಂದು ಸೀಲು.

ಜಾಲತಾಣ ಇದ್ದದ್ದು ತುರ್ಭೆಯ ಒಂದು ಕೈಗಾರಿಕಾ ಕಟ್ಟಡದ ಎರಡನೇ ಮಹಡಿಯಲ್ಲಿ. ಅಲ್ಲಿ ಮೂರು ಸರ್ವರುಗಳು. ಬಂದ ಅರ್ಜಿಗಳನ್ನು ಮೂರಕ್ಕೂ ಸಮನಾಗಿ ಹಂಚಲು ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ಪೆಟ್ಟಿಗೆ. ಸಾರ್ವಜನಿಕರಿಗೆ ಗೊತ್ತಿದ್ದ ವಿಳಾಸ ಈ ಮೂರರಲ್ಲಿ ಯಾವುದರದ್ದೂ ಅಲ್ಲ. ಪೆಟ್ಟಿಗೆಯೊಳಗಿನ ‘ವರ್ಚುವಲ್ ಸರ್ವರ್’ನದ್ದು. ಎಂದರೆ ಹೆಸರು ಉಂಟು, ಶರೀರ ಇಲ್ಲ. ಇಲ್ಲದವರ ಹೆಸರಿನಲ್ಲಿ ಅರ್ಜಿ ಸ್ವೀಕರಿಸುವುದು ಮಂಡಳಿಗೆ ಹೊಸದಲ್ಲವಾದ್ದರಿಂದ ಈ ಏರ್ಪಾಡಿಗೆ ಯಾರ ಆಕ್ಷೇಪವೂ ಇರಲಿಲ್ಲ.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಹಯಗ್ರೀವ. ಗುತ್ತಿಗೆಯ ಮೇಲಿನ ನೆಟ್‌ವರ್ಕ್ ಎಂಜಿನಿಯರ್. ಟಿಟ್ವಾಳಾದಲ್ಲಿ ಮನೆ, ಠಾಣೆಯಲ್ಲಿ ರೈಲುಗಾಡಿ ಬದಲಿಸಿ ದಿನಾ ಬರುತ್ತಿದ್ದ. ಅವನ ಅಕ್ಕ ವಾರಿಜಾ ವರ್ತಕ ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದಳು. ಸೋಮವಾರ ಮಧ್ಯಾಹ್ನ ಮೊದಲು ಫೋನು ಮಾಡಿದವಳು ಅವಳೇ.

“ಎಂತದು ಮಾರಾಯಾ, ನಿನ್ನ ವೆಬ್‌ಸೈಟು ತಿರುಗ್ತಾ ಉಂಟು, ತಿರುಗ್ತಾ ಉಂಟು. ಓಪನ್ನೇ ಆಗುದಿಲ್ಲ.”

“ಇಲ್ಲಿ ಪರದೆಯಲ್ಲಿ ದೀಪ ಎಲ್ಲ ಹಸಿರು ತೋರಿಸ್ತಾ ಉಂಟು ಅಕ್ಕ.”

“ಹಸಿರು ಕಟ್ಟಿಕೊಂಡು ನನಗೆಂತ ಆಗ್ಬೇಕು? ಲೈಸೆನ್ಸು ಬೇಕು.”

ಹಯಗ್ರೀವ ಸರ್ವರಿನ ಎದುರೇ ಕೂತು ಜಾಲತಾಣ ತೆರೆದ. ತೆರೆಯಿತು. ಮೊಬೈಲಿನಿಂದ, ಹೊರಗಿನವರು ಬರುವ ದಾರಿಯಲ್ಲಿ ಪ್ರಯತ್ನಿಸಿದ. ತೆರೆಯಲಿಲ್ಲ. ತಂತಿಯ ಮೇಲೆ ಹೋಗಿ ಬರುವುದನ್ನೆಲ್ಲ ಎರಡು ಗಂಟೆ ಹಿಡಿದಿಟ್ಟು ನೋಡಿದ ಮೇಲೆ ದೋಷ ಸಿಕ್ಕಿತು. ಹಿಂದಿನ ದಿನ ಭಾನುವಾರ ಭದ್ರತೆಗೆಂದು ಹೊಸದೊಂದು ಯಂತ್ರ ಕೂರಿಸಿದ್ದರು. ಅರ್ಜಿ ಲೋಡ್ ಬ್ಯಾಲೆನ್ಸರ್ ಮೂಲಕ ಒಳಗೆ ಬರುತ್ತಿತ್ತು. ಸರ್ವರಿನ ಉತ್ತರ ಮಾತ್ರ ಬಂದ ದಾರಿ ಬಿಟ್ಟು ಈ ಹೊಸ ಯಂತ್ರದ ಮೂಲಕ ಹೊರಗೆ ಹೋಗುತ್ತಿತ್ತು. ಹೊರಗಿನ ಕಂಪ್ಯೂಟರು, ನಾನು ಕೇಳಿದ್ದು ಅವನನ್ನು, ಉತ್ತರ ಕೊಡಲು ನೀನು ಯಾರು ಎಂದು ಅದನ್ನು ಎಸೆದುಬಿಡುತ್ತಿತ್ತು.

ಸಂಜೆ ಅಕ್ಕನಿಗೆ ಅವಳದೇ ಭಾಷೆಯಲ್ಲಿ ವಿವರಿಸಿದ. “ಗಿರಾಕಿ ಟೇಬಲ್ಲಲ್ಲಿ ಕೂತು ದೋಸೆ ಹೇಳಿದ್ದಾನೆ. ದೋಸೆ ಆಗಿದೆ. ಆದ್ರೆ ಹಿಂದಿನ ಬಾಗಿಲಿಂದ ಹೊರಗೆ ಹೋಗ್ತಾ ಉಂಟು.”

“ಹಾಗಾದ್ರೆ ಹಿಂದಿನ ಬಾಗಿಲು ಹಾಕು.”

“ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಒಂದು ಟಿಕ್ ಮಾರ್ಕು ಹಾಕಿದ್ರೆ ಸಾಕು. ಪರ್ಮಿಷನ್ ಬೇಕು.”

ಮರುದಿನ ಅವನು ಕಾರ್ಯನಿರ್ವಾಹಕ ಅಧಿಕಾರಿ ಖಾನೋಲ್ಕರ್ ಅವರ ಮುಂದೆ ನಿಂತ. ಖಾನೋಲ್ಕರ್ ಸಾಹೇಬರು ಮೂವತ್ತು ವರ್ಷಗಳ ಸೇವೆಯಲ್ಲಿ ಒಂದೂ ತಪ್ಪು ಮಾಡಿರಲಿಲ್ಲ, ಏಕೆಂದರೆ ಒಂದೂ ಕೆಲಸ ಮಾಡಿರಲಿಲ್ಲ. ಅವರು ಪರದೆಯನ್ನು ನೋಡಿದರು.

“ಹಿರವಂ ಆಹೇ ನಾ? ಹಸಿರೇ ಇದೆಯಲ್ಲ?”

“ಸರ್, ಸರ್ವರ್ ಜೀವಂತ ಇದೆಯಾ ಅಂತ ಮಾತ್ರ ಆ ದೀಪ ಕೇಳುತ್ತದೆ. ಇದೆ ಅನ್ನುತ್ತದೆ, ಹಸಿರಾಗುತ್ತದೆ. ಕೆಲಸ ಆಗುತ್ತಾ ಅಂತ ಕೇಳುವುದಿಲ್ಲ.”

“ಸರಿಯಾಗಿಯೇ ಇದೆ. ನಮ್ಮ ಹಾಜರಿ ಪುಸ್ತಕವೂ ಹಾಗೇ. ದೂರು ಎಷ್ಟು ಬಂದಿವೆ?”

“ಒಂದೂ ಇಲ್ಲ ಸರ್. ದೂರು ಕೊಡುವ ಪುಟ ಕೂಡ ಅದೇ ಜಾಲತಾಣದಲ್ಲಿದೆ.”

“ದೂರೇ ಇಲ್ಲದ ಮೇಲೆ ದೋಷ ಎಲ್ಲಿಂದ ಬಂತು?” ಎಂದ ಸಾಹೇಬರು ಸ್ವಲ್ಪ ಮೆತ್ತಗಾಗಿ, ಬದಲಾವಣೆ ಬೇಕಿದ್ದರೆ ನಮೂನೆ ತುಂಬಬಹುದು, ಠಾಣೆಯಲ್ಲಿರುವ ಅಧ್ಯಕ್ಷರು ಅದನ್ನು ತೆರೆದು ಮಂಜೂರು ಮಾಡಬೇಕು ಎಂದರು. ನಮೂನೆ ಅದೇ ಜಾಲತಾಣದಲ್ಲಿತ್ತು. ಹಯಗ್ರೀವ ಒಳಗೆ ಕೂತು ತುಂಬಿದ. ಅಧ್ಯಕ್ಷರು ಠಾಣೆಯಲ್ಲಿ ಕೂತು ತೆರೆಯಲು ನೋಡಿದರು. ಒಂದು ವಾರದ ಬಳಿಕ ಅವರ ಕಚೇರಿಯಿಂದ, “ಮಂಜೂರಾತಿಗಾಗಿ ಯಾವುದೇ ಮನವಿ ನಮ್ಮ ಗಮನಕ್ಕೆ ಬಂದಿರುವುದಿಲ್ಲ” ಎಂಬ ಪತ್ರ ಬಂತು.

ಅಷ್ಟರಲ್ಲಿ ಹೋಟೆಲಿನವರು ತುರ್ಭೆಗೇ ಬಂದು ಮೆಟ್ಟಿಲ ಬುಡದಲ್ಲಿ ಗಲಾಟೆ ಮಾಡತೊಡಗಿದ್ದರು. ಆಗ ಖಾನೋಲ್ಕರ್ ಸಾಹೇಬರಿಗೆ ತಮ್ಮ ಸೇವಾವಧಿಯ ಮೊದಲ ಆಲೋಚನೆ ಹೊಳೆಯಿತು.

“ಒಳಗೆ ಕೂತರೆ ತೆರೆಯುತ್ತದೆ ಅಂದೆಯಲ್ಲ? ಹಾಗಾದರೆ ಜನರನ್ನೇ ಒಳಗೆ ಕೂರಿಸು.”

ಹದಿನಾಲ್ಕನೇ ತಾರೀಕು ಪ್ರಕಟಣೆ ಹೊರಬಿತ್ತು: “ಸಾರ್ವಜನಿಕರ ಅನುಕೂಲಕ್ಕಾಗಿ ಆನ್‌ಲೈನ್ ಸೇವೆಯನ್ನು ತುರ್ಭೆಯ ಎರಡನೇ ಮಹಡಿಯಲ್ಲಿ ಖುದ್ದು ಹಾಜರಾಗಿ ಪಡೆಯತಕ್ಕದ್ದು. ಚಪ್ಪಲಿ ಹೊರಗೆ ಬಿಡತಕ್ಕದ್ದು. ಯಂತ್ರಗಳಿಗೆ ತಂಪು ಅವಶ್ಯವಾದ್ದರಿಂದ ಸ್ವೆಟರ್ ತಾವೇ ತರತಕ್ಕದ್ದು.”

ಮೂರು ಸರ್ವರಿಗೆ ಮೂರು ಕುರ್ಚಿ ಹಾಕಲಾಯಿತು. ಮೊದಲನೆಯದಕ್ಕೆ ಮೆತ್ತೆ ಇದ್ದುದರಿಂದ ಜನ ಅಲ್ಲಿಗೇ ನುಗ್ಗಿದರು. ಉಳಿದ ಎರಡು ಖಾಲಿ. ಆದ್ದರಿಂದ ನಿವೃತ್ತ ಗುಮಾಸ್ತ ಪುಂಡರೀಕಾಕ್ಷ ಎಂಬವರನ್ನು ‘ಭಾರ ಸಮತೋಲನಾಧಿಕಾರಿ’ ಎಂದು ಬಾಗಿಲಲ್ಲಿ ನಿಲ್ಲಿಸಲಾಯಿತು. ಅವರು ಬೆರಳು ತೋರಿಸಿ “ನೀವು ಒಂದು, ನೀವು ಎರಡು, ನೀವು ಮೂರು” ಎಂದು ಕಳಿಸುತ್ತಿದ್ದರು. ನಡುನಡುವೆ “ಎರಡನೇ ಕುರ್ಚಿ, ಇದ್ದೀರಾ?” ಎಂದು ಕೂಗುತ್ತಿದ್ದರು. “ಇದ್ದೇವೆ” ಎಂದು ಉತ್ತರ ಬಂದರೆ ಇನ್ನೊಬ್ಬರನ್ನು ಕಳಿಸುತ್ತಿದ್ದರು. ಪೆಟ್ಟಿಗೆಗಿಂತ ಇವರೇ ವಾಸಿ ಎಂಬ ಅಭಿಪ್ರಾಯ ಜನರಲ್ಲಿ ಮೂಡಿತು. ಹಯಗ್ರೀವನಿಗೂ ಹಾಗೆಯೇ ಅನಿಸಿತು. ಆ ದಿನ ಅವನಿಗೆ ಊಟ ಸೇರಲಿಲ್ಲ.

ವಾರಿಜಾ ಮಾತ್ರ ಬರಲಿಲ್ಲ. ಗಂಡನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಅಡುಗೆಯ ಭಟ್ಟರು ಊರಿಗೆ ಹೋಗಿದ್ದರು.

“ಮಧ್ಯಾಹ್ನದ ಊಟ ಬಿಟ್ಟು ನಾನು ಹೇಗೆ ಬರುದು ಹಯಗ್ರೀವಾ? ವೆಬ್‌ಸೈಟು ನೋಡಿಕೊಳ್ಳುದೇ ನನ್ನ ತಮ್ಮ ಅಂತ ಗಿರಾಕಿಗಳಿಗೆ ಹೇಳ್ಲಿಕ್ಕೆ ನಾಚಿಕೆ ಆಗ್ತದೆ.”

ಇಪ್ಪತ್ತೈದನೇ ತಾರೀಕು ಮಧ್ಯಾಹ್ನ ಎರಡು ಹತ್ತಕ್ಕೆ, ಸಾಹೇಬರು ಊಟ ಮುಗಿಸಿ ಕಣ್ಣು ಮುಚ್ಚಿದ್ದಾಗ, ಹಯಗ್ರೀವ ಯಾರಪ್ಪಣೆಯೂ ಇಲ್ಲದೆ ಆ ಟಿಕ್ ಮಾರ್ಕು ಹಾಕಿದ. ಅಕ್ಕನಿಗೆ ಫೋನು ಮಾಡಿ, “ಈಗ ನೋಡು” ಎಂದ.

“ಓಪನ್ ಆಯ್ತು ಮಾರಾಯಾ!” ಎಂದು ಅವಳು ಕೂಗಿದ ಸದ್ದಿಗೆ ಹಿಂದೆ ತಟ್ಟೆ ಬಿದ್ದದ್ದೂ ಕೇಳಿಸಿತು. ಇಪ್ಪತ್ತು ದಿನಗಳಲ್ಲಿ ಅವನು ಮೊದಲ ಸಲ ನಕ್ಕ.

ಜಾಲತಾಣ ಎಲ್ಲರಿಗೂ ತೆರೆಯಿತು. ಎಲ್ಲರಿಗೂ ದೂರು ಕೊಡುವ ಪುಟವೂ ತೆರೆಯಿತು. ನಲವತ್ತು ನಿಮಿಷಗಳಲ್ಲಿ ಆರುನೂರ ಹನ್ನೊಂದು ದೂರುಗಳು ಬಂದವು. ಖಾನೋಲ್ಕರ್ ಸಾಹೇಬರ ಮೊಬೈಲು ಒಂದೊಂದಕ್ಕೂ ಕುಯ್ಯಿಗುಟ್ಟಿ, ಅವರು ಎಚ್ಚರಾಗಿ ಓಡಿಬಂದರು.

“ಏನು ಮಾಡಿದೆ? ಇಷ್ಟು ದಿನ ಚೆನ್ನಾಗಿ ನಡೆಯುತ್ತಿತ್ತಲ್ಲ!”

“ಸರಿಮಾಡಿದೆ ಸರ್.”

“ಮೊದಲು ಅದನ್ನು ತೆಗೆ!”

ತೆಗೆದ. ದೂರು ನಿಂತವು. ದೀಪ ಹಸಿರಾಗಿಯೇ ಇತ್ತು. ಸಂಜೆಯೊಳಗೆ ನೋಟೀಸು ಅವನ ಕೈಸೇರಿತು: “ಸದರಿ ದಿನ ೨.೧೦ರಿಂದ ೨.೫೦ರವರೆಗೆ ಜಾಲತಾಣದಲ್ಲಿ ಗಂಭೀರ ಸಂಪರ್ಕ ದೋಷ ಉಂಟಾಗಿ, ಸಾರ್ವಜನಿಕರು ಮಂಡಳಿಯನ್ನು ಸಂಪರ್ಕಿಸಿರುತ್ತಾರೆ. ಇದಕ್ಕೆ ತಾವೇ ಕಾರಣರೆಂದು ಏಕೆ ಭಾವಿಸಬಾರದು?” ಕೆಲಸ ಹೋದರೆ ಟಿಟ್ವಾಳಾದ ಫ್ಲಾಟಿನ ಕಂತು ಕಟ್ಟುವವರಿಲ್ಲ. ಕೈ ಜಾರಿತೆಂದೂ ಇನ್ನು ಮುಂದೆ ಜಾರುವುದಿಲ್ಲವೆಂದೂ ಹಯಗ್ರೀವ ಬರೆದುಕೊಟ್ಟ.

ಆ ನಲವತ್ತು ನಿಮಿಷಗಳಲ್ಲಿ ಬಂದ ವಾರಿಜಾಳ ಅರ್ಜಿ ತಿರಸ್ಕೃತವಾಯಿತು. ಅದು ಹೊರಗಿನಿಂದ ಬಂದದ್ದಾಗಿತ್ತು. ಇಂಥ ಗೊಂದಲ ಮರುಕಳಿಸದಂತೆ ಮಂಡಳಿ ತಿದ್ದುಪಡಿ ತಂದಿತು: “ನಿಯಮಗಳಲ್ಲಿ ‘ಆನ್‌ಲೈನ್’ ಎಂದಿರುವ ಕಡೆಯಲ್ಲೆಲ್ಲ ‘ಲೈನಿನಲ್ಲಿ ನಿಂತು’ ಎಂದು ಓದಿಕೊಳ್ಳತಕ್ಕದ್ದು.”

ಇಪ್ಪತ್ತೆಂಟರಂದು ಅವಳು ಹೋಟೆಲು ಮುಚ್ಚಿ, ಗಂಡನ ಮಫ್ಲರ್ ಸುತ್ತಿಕೊಂಡು ತುರ್ಭೆಗೆ ಬಂದಳು. ಹಯಗ್ರೀವ ತಲೆ ತಗ್ಗಿಸಿ ಎದುರಿಗೆ ಬಂದ.

“ನನ್ನಿಂದ ಆಗಲಿಲ್ಲ ಅಕ್ಕ.”

“ಇರ್ಲಿ ಬಿಡು. ಇಲ್ಲಿ ಲೈನಿನಲ್ಲಿ ನನ್ನ ಗೆಳತಿ ಡೊಂಬಿವಲಿಯ ಅಪ್ಪಿ ಸಿಕ್ಕಿದಳು, ಹನ್ನೆರಡು ವರ್ಷ ಆಗಿತ್ತು ನೋಡದೆ. ಮನೆಯಲ್ಲೇ ಓಪನ್ ಆಗ್ತಿದ್ರೆ ಸಿಕ್ತಿದ್ದಳಾ?” ಎಂದು ಅವಳು ಅವನ ಬೆನ್ನು ತಟ್ಟಿದಳು. ಪುಂಡರೀಕಾಕ್ಷರು “ನೀವು ಮೂರು” ಎಂದರು. ಅರ್ಧ ಗಂಟೆಯಲ್ಲಿ ಪರವಾನಗಿ ಕೈಗೆ ಬಂತು.

ಆ ಆರುನೂರ ಹನ್ನೊಂದನ್ನು ಸಂಪರ್ಕ ದೋಷದ ಲೆಕ್ಕಕ್ಕೆ ಬರೆದದ್ದರಿಂದ, ವರ್ಷದ ಕೊನೆಗೆ, ಒಂದು ದೂರೂ ಇಲ್ಲದ ಜಾಲತಾಣವೆಂದು ಮಂಡಳಿಗೆ ಪ್ರಶಸ್ತಿ ಪತ್ರ ದೊರೆಯಿತು. ಅಧ್ಯಕ್ಷರು ಕಟ್ಟಡದ ಮೂರನೇ ಮಹಡಿಯಲ್ಲಿ ಜಾಲತಾಣದ ವಿಸ್ತೃತ ಭಾಗವನ್ನು ಟೇಪು ಕತ್ತರಿಸಿ ಉದ್ಘಾಟಿಸಿದರು.

ಈಗ ತುರ್ಭೆ ಸ್ಟೇಷನ್ನಿನ ಹೊರಗೆ ಬೆಳಿಗ್ಗೆ ಒಂಬತ್ತರಿಂದಲೇ ಶೇರ್ ರಿಕ್ಷಾದವರು ನಿಂತಿರುತ್ತಾರೆ. “ವೆಬ್‌ಸೈಟ್, ವೆಬ್‌ಸೈಟ್! ಏಕ್ ಸೀಟ್, ಏಕ್ ಸೀಟ್!” ಎಂದು ಕೂಗುತ್ತಾರೆ. ಗಾಡಿಯಿಂದಿಳಿದ ಹಯಗ್ರೀವ ಓಡಿಹೋಗಿ ಉಳಿದ ಆ ಒಂದು ಸೀಟಿನಲ್ಲಿ ಕೂರುತ್ತಾನೆ. ಆಮೇಲೆ ರಿಕ್ಷಾ ಹೊರಡುತ್ತದೆ.