ತಕ್ಕಂತೆ ಬದಲಿಸಿಕೊಳ್ಳಿ

ಟಾಂಪೆರೆಯ ತೌನೋ ರೆಕೊಲಾ ಬರೆದ ಕೈಪಿಡಿಯ ಮೊದಲ ವಾಕ್ಯವೇ ಹೀಗಿತ್ತು: "ಇದನ್ನು ಓದಿದ ಮೇಲೆ ನಿಮಗೆ ಯಾರ ಸಹಾಯವೂ ಬೇಕಾಗಿಲ್ಲ." ಎಲ್ಲೆಲ್ಲೋ ಇರುವ ಕಂಪ್ಯೂಟರುಗಳನ್ನು ಕ್ಲೌಡ್ ಮೂಲಕ ಒಂದೇ ಮನೆಯವರಂತೆ ಬೆಸೆಯುವ ಸಾಧನದ ಕೈಪಿಡಿ ಅದು. ಫಿನ್ಲೆಂಡಿನಲ್ಲಿ ತನ್ನಷ್ಟು ಸರಳವಾಗಿ ಬರೆಯುವವರು ಇನ್ನೊಬ್ಬರಿಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಸರವೆಂದರೆ ಒಂದೇ. ಪುಟದ ಕೊನೆಯ 'ಉಪಯೋಗವಾಯಿತೇ?' ಎಂಬ ಪ್ರಶ್ನೆಗೆ ಯಾರೋ ಪ್ರತಿ ಶನಿವಾರ ಸಂಜೆ ತಪ್ಪದೆ 'ಇಲ್ಲ' ಎಂದು ಒತ್ತುತ್ತಿದ್ದರು. ತೌನೋ ಆ ಅಜ್ಞಾತನಿಗೆ 'ಶನಿವಾರದ ಶನಿ' ಎಂದು ಹೆಸರಿಟ್ಟು, ಸೌನಾ ಎಂಬ ಬಿಸಿ ಹಬೆಕೋಣೆಯಿಂದ ಬಂದು ಊಟಕ್ಕೆ ಕೂತಾಗಲೆಲ್ಲ ಹೆಂಡತಿ ಹಿಲ್ಕಾಳ ಮುಂದೆ ಮನಸಾರೆ ಬೈಯುತ್ತಿದ್ದ.

ಏಪ್ರಿಲ್‌ನ ಒಂದು ಶನಿವಾರ ಹಿಲ್ಕಾ ಮೆಲ್ಲಗೆ ಮಾತು ತೆಗೆದಳು. ಮರುದಿನ ಅವಳ ಅಮ್ಮನಿಗೆ ಎಂಬತ್ತು ತುಂಬುತ್ತದೆ. ತೀರಿಕೊಂಡ ಅಪ್ಪ ಅಕಾರ್ಡಿಯನ್ ನುಡಿಸುತ್ತಾ ಹಾಡಿದ ಹಾಡು ಸರೋವರದ ನಡುವಿನ ದ್ವೀಪದಲ್ಲಿರುವ ಅವರ ಬೇಸಿಗೆ ಮನೆಯ ಕಂಪ್ಯೂಟರಿನಲ್ಲಿದೆ. ಅಮ್ಮನಿಗೆ ಅದನ್ನು ಕೇಳಿಸಬೇಕು. ಆದರೆ ಸರೋವರದ ಮಂಜುಗಡ್ಡೆ ಅರ್ಧಂಬರ್ಧ ಕರಗಿ, ನಡೆದು ಹೋಗಲೂ ಆಗದು, ದೋಣಿಯೂ ಸಾಗದು.

"ಅಷ್ಟೇ ತಾನೆ? ನಿನ್ನ ಕಂಪ್ಯೂಟರಿನಲ್ಲೇ, ಕೈಪಿಡಿ ನೋಡಿಕೊಂಡೇ ತರಿಸ್ತೀನಿ. ಕಾಫಿ ಆರೋದ್ರೊಳಗೆ!" ಎಂದು ತೌನೋ ತೋಳೇರಿಸಿದ.

ಅವಳದು ವಿಂಡೋಸ್. ಅವನು ಲಿನಕ್ಸ್ ಎಂಬ ಬೇರೆಯದೇ ವ್ಯವಸ್ಥೆಯಲ್ಲಿ ಹುಟ್ಟಿ ಬೆಳೆದವನು. ಕೈಪಿಡಿಯ ನಲವತ್ತು ಪುಟವೂ ಅದಕ್ಕೇ. ಮೊದಲ ಆಜ್ಞೆ ಬರೆದ. 'ಇದು ನನಗೆ ಗೊತ್ತಿಲ್ಲ' ಎಂದಿತು ಯಂತ್ರ. ಎರಡನೆಯದಕ್ಕೂ ಅದೇ ಉತ್ತರ. ಹುಡುಕಿದರೆ, ಕೊನೆಯಲ್ಲಿ ಒಂದೇ ಒಂದು ಸಾಲು: "ವಿಂಡೋಸ್ ಬಳಸುವವರು ತಕ್ಕಂತೆ ಬದಲಿಸಿಕೊಳ್ಳಿ." ಶುಕ್ರವಾರ ನಾಲ್ಕು ಗಂಟೆಗೆ, ಇಡೀ ಆಫೀಸು ಸರೋವರದ ಕಡೆ ಓಡುವ ಹೊತ್ತಿನಲ್ಲಿ, ಒಂದು ಕೈ ಕೋಟಿನ ತೋಳಿನಲ್ಲಿದ್ದಾಗ ಅವನು ಗೀಚಿದ ಸಾಲು ಅದು.

ತೌನೋ ತಕ್ಕಂತೆ ಬದಲಿಸಿದ. ಪ್ರಿಂಟರ್ ತಾನಾಗಿ ಖಾಲಿ ಹಾಳೆ ಉಗುಳಿತು. ಇನ್ನಷ್ಟು ಬದಲಿಸಿದ. ಮನೆಯ ಇಂಟರ್ನೆಟ್ಟೇ ನಿಂತಿತು. ಕಾಫಿ ಮೂರು ಸಲ ಆರಿತು. ಸೌನಾ ಹೊತ್ತಿಸದೆಯೇ ಅವನ ಕಿವಿಗಳು ಕೆಂಪಾಗಿದ್ದವು.

ಕೊನೆಗೆ ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸಿ ಹಚ್ಚಿ, ತೆಪ್ಪಗೆ ತನ್ನ ಕಂಪ್ಯೂಟರ್ ತಂದ. ಎರಡೇ ನಿಮಿಷ. ಮೊದಲು ಮಾವನ ಕೆಮ್ಮು, ಆಮೇಲೆ ಅಕಾರ್ಡಿಯನ್, ಆಮೇಲೆ ಆ ಒಡಕು ದನಿ. ಹಿಲ್ಕಾ ಅತ್ತಳು.

ಹಾಡು ಮುಗಿದ ಮೇಲೆ ಅವನು ಅವಳ ಕಂಪ್ಯೂಟರಿಗೆ ಮರಳಿ, ತನ್ನದೇ ಪುಟದ ಕೊನೆಗೆ ಹೋಗಿ, ಪ್ರಾಮಾಣಿಕವಾಗಿ 'ಇಲ್ಲ' ಒತ್ತಿದ.

ಹಿಲ್ಕಾ ಕಣ್ಣೊರೆಸಿಕೊಂಡು ಇಣುಕಿದಳು. "ಈ ವಾರದ್ದು ನೀನೇ ಒತ್ತಿದ್ಯಾ? ಸರಿ, ನನಗೊಂದು ಕೆಲಸ ಉಳೀತು."

ತೌನೋ ಕುರ್ಚಿಸಮೇತ ಅವಳತ್ತ ತಿರುಗಿದ. ಅವನು ಸೌನಾದಲ್ಲಿರುವಾಗ ಅಪ್ಪನ ದನಿ ಕೇಳೋಣವೆಂದು ಅವಳು ಪ್ರತಿ ಶನಿವಾರ ಆ ಪುಟ ತೆರೆದು ಕೂತು, ಆಗದೆ ಕೊನೆಗೆ 'ಇಲ್ಲ' ಒತ್ತುತ್ತಿದ್ದಳಂತೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳೋಣ ಅಂದ್ಕೊಂಡೆ ಮಾರಾಯ," ಎಂದಳು ಅವಳು, ಅವನ ಕೆಂಪು ಕಿವಿ ಸವರುತ್ತಾ. "ಆದ್ರೆ ಯಾರ ಸಹಾಯವೂ ಬೇಕಾಗಿಲ್ಲ ಅಂತ ನೀನೇ ಬರೆದಿದ್ದೆಯಲ್ಲ."